ಹೈಟಿಲಿ 7.0ಕ್ಕೆ ಲಕ್ಷಗಟ್ಟಲೆ ಸಾವು, ಚಿಲೀಲಿ 8.8ಕ್ಕೆ ಐನೂರು ಚಿಲ್ರೆ, ಇದ್ಯಾವ ಲೆಕ್ಕ?

ಪ್ರಶ್ನೆ: 2010ರ ಜನವರೀಲಿ ಹೈಟಿಲಿ ಆಗಿದ್ದು 7.0 ಭೂಕಂಪ, ಒಂದೂವರೆ ತಿಂಗಳು ಬಿಟ್ಟು ಚಿಲೀಲಿ ಆಗಿದ್ದು 8.8. ಆದ್ರೂ ಜಾಸ್ತಿ ಜನ ಸತ್ತಿದ್ದು ಹೈಟೀಲಿ ಅಂತಾರಲ್ಲ, ಹೇಗೆ?

ಉತ್ತರ: ನಿಜಾನೇ. ನಂಬರ್ ನೋಡಿದ್ರೆ ಎರಡಕ್ಕೂ ಅಷ್ಟೇನು ವ್ಯತ್ಯಾಸ ಇಲ್ಲ ಅನ್ಸುತ್ತೆ, ಆದ್ರೆ ಶಕ್ತಿ ಲೆಕ್ಕದಲ್ಲಿ ಚಿಲೀದು ಸುಮಾರು 500 ಪಟ್ಟು ದೊಡ್ಡದು. ಆದ್ರೂ ಅಲ್ಲಿ ಸತ್ತೋರು 500ರ ಆಸುಪಾಸು, ಅದ್ರಲ್ಲೂ ಒಂದಷ್ಟು ಜನ ಸುನಾಮಿಗೆ ಸಿಕ್ಕಿ ಹೋದೋರು. ಹೈಟಿಲಿ ಒಬ್ಬೊಬ್ರು ಒಂದೊಂದು ಅಂಕಿ ಹೇಳ್ತಾರೆ, ಅಲ್ಲಿನ ಸರ್ಕಾರ ಹೇಳಿದ್ದು 3 ಲಕ್ಷಕ್ಕೂ ಮೇಲೆ. ಸತ್ತೋರನ್ನ ಸರಿಯಾಗಿ ಎಣಿಸೋ ವ್ಯವಸ್ಥೆಯೂ ಇರ್ಲಿಲ್ಲ ನೋಡಿ.

ಎಲ್ಲಾನೂ ಹೈಟಿಯ ಬಡತನದ ತಲೆಗೇ ಕಟ್ಟೋದು ಬೇಡ, ಹೈಟೀದು ನೆಲದಿಂದ ಬರೀ 13 ಕಿ.ಮೀ. ಆಳದಲ್ಲಿ, ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನಿಂದ ಸುಮಾರು 25 ಕಿ.ಮೀ. ದೂರದಲ್ಲೇ ಆಗಿದ್ದು. ಆದ್ರೆ ಜನಾನ ಕೊಂದಿದ್ದು ಮನೆಗಳು. ಅಲ್ಲಿ ಚಂಡಮಾರುತದ ಕಾಟ ಜಾಸ್ತಿ, ಗಾಳಿಗೆ ಹಾರಿ ಹೋಗ್ಬಾರ್ದು ಅಂತ ಜನ ಭಾರದ ಕಾಂಕ್ರೀಟ್ ಮೋಲ್ಡ್ ಹಾಕಿಸ್ಕೊಂಡಿದ್ರು, ಕೆಳಗೆ ಸಿಮೆಂಟ್ ಕಮ್ಮಿ ಹಾಕಿದ ಬ್ಲಾಕ್ ಗೋಡೆ, ಕಂಬಿ ಅಂತೂ ಹೆಸರಿಗೆ ಮಾತ್ರ. ಗಾಳಿಯಿಂದ ಉಳಿಸೋ ಮೋಲ್ಡೇ ನೆಲ ಅಲ್ಲಾಡಿದಾಗ ತಲೆ ಮೇಲೆ ಬಿತ್ತು! ಅವರೇನು ದಡ್ಡರಲ್ಲ, ವರ್ಷ ವರ್ಷ ಬರೋ ಅಪಾಯಕ್ಕೆ ತಯಾರಾಗಿದ್ರು, ಆ ಊರಿಗೆ ಅಷ್ಟು ದೊಡ್ಡ ಭೂಕಂಪ ಬಂದು ಇನ್ನೂರು ವರ್ಷದ ಮೇಲಾಗಿತ್ತು. ಚಿಲೀಗಾದ್ರೆ 1960ರ 9.5 ಮರೆಯೋ ಹಾಗಿರ್ಲಿಲ್ಲ, ಕಟ್ಟಡದ ನಿಯಮ ಬಿಗಿಯಾಗಿತ್ತು, ಅದನ್ನ ಪಾಲಿಸೋಕೆ ದುಡ್ಡೂ ಇತ್ತು.

ಇನ್ನು ರಕ್ಷಣೆ ವಿಷ್ಯ. ಟೀವೀಲಿ ಫಾರಿನ್ ಟೀಮು, ನಾಯಿ, ಮಷೀನು ಎಲ್ಲಾ ತೋರಿಸ್ತಾರೆ, ಆದ್ರೆ ಅವಶೇಷದಿಂದ ಹೆಚ್ಚು ಜನರನ್ನ ಎಳೆದಿದ್ದು ಅಕ್ಕಪಕ್ಕದ ಮನೆಯೋರೇ, ಬರಿಗೈಲಿ. ಯಾಕಂದ್ರೆ ಸಹಾಯ ಬರ್ಬೇಕಾದ ಬಂದರೇ ಹಾಳಾಗಿತ್ತು, ಏರ್‌ಪೋರ್ಟಲ್ಲಿ ಇದ್ದಿದ್ದು ಒಂದೇ ರನ್‌ವೇ, ಅಧ್ಯಕ್ಷರ ಅರಮನೆ ಕುಸಿದಿತ್ತು, ವಿಶ್ವಸಂಸ್ಥೆ ಮಿಷನ್ನಿನ ಮುಖ್ಯ ಕಚೇರಿಯೂ ಬಿದ್ದು ಅದರ ಮುಖ್ಯಸ್ಥ ಹೆಡಿ ಅನ್ನಾಬಿ ತೀರಿಕೊಂಡಿದ್ರು. ಆರ್ಡರ್ ಕೊಡ್ಬೇಕಾದೋರೇ ಮಣ್ಣಿನಡಿ ಇದ್ರೆ ಏನ್ಮಾಡ್ತೀರಿ.

ಆಮೇಲೆ ಆಗಿದ್ದು ನನಗೆ ಇನ್ನೂ ಸಿಟ್ಟು ಬರಿಸುತ್ತೆ. ಅದೇ ವರ್ಷ ಅಕ್ಟೋಬರಲ್ಲಿ ಕಾಲರಾ ಶುರುವಾಯ್ತು, ತಂದಿದ್ದು ವಿಶ್ವಸಂಸ್ಥೆ ಶಾಂತಿಪಾಲಕರ ಕ್ಯಾಂಪಿನ ಕೊಳಕು ನೀರು, ಅದು ನದಿಗೆ ಸೇರಿ ಹತ್ತಿರ ಹತ್ತಿರ 10,000 ಜನ ಸತ್ರು. ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರ ಡಿಸೆಂಬರಲ್ಲಿ!

ಹಾಗಂತ ಬಡ ದೇಶಗಳ ಕೈಲಿ ಏನೂ ಆಗಲ್ಲ ಅಂತಲ್ಲ. ನೇಪಾಳದಲ್ಲಿ 2015ರ ಏಪ್ರಿಲ್ 25ರ 7.8 ಭೂಕಂಪದಲ್ಲಿ ಸುಮಾರು 9,000 ಜನ ಹೋದ್ರು, ಶನಿವಾರ ರಜೆ, ಸ್ಕೂಲು ಖಾಲಿ ಇತ್ತು, ಇಲ್ದಿದ್ರೆ ಲೆಕ್ಕ ಬೇರೇನೇ ಆಗಿರ್ತಿತ್ತು. ಮೊದಲೇ ಗಟ್ಟಿ ಮಾಡಿಸಿದ್ದ ಸ್ಕೂಲ್ ಕಟ್ಟಡಗಳಂತೂ ಚೆನ್ನಾಗೇ ತಡ್ಕೊಂಡ್ವು. ಆಮೇಲೆ ಸರ್ಕಾರ ಮನೆ ಕಟ್ಕೊಳ್ಳೋಕೆ 3 ಲಕ್ಷ ನೇಪಾಳಿ ರೂಪಾಯಿ ಕೊಡ್ತು, ಒಟ್ಟಿಗಲ್ಲ, ಮೂರು ಕಂತಲ್ಲಿ. ಮೊದ್ಲು 50,000, ಅಡಿಪಾಯ ನಿಯಮದ ಪ್ರಕಾರ ಇದೆ ಅಂತ ಇಂಜಿನಿಯರ್ ಒಪ್ಪಿದ್ರೆ ಮುಂದಿನ ಕಂತು. ಐಡಿಯಾ ಒಳ್ಳೇದೇ, ಆದ್ರೆ ದುಡ್ಡು ಸಾಲದೆ ಎಷ್ಟೋ ಕುಟುಂಬ ದೊಡ್ಡ ಮನೆ ಇದ್ದ ಜಾಗದಲ್ಲಿ ಒಂದು ರೂಮ್ ಕಟ್ಟಿ ಕಂತು ತಗೊಂಡ್ರು, ಜಮೀನಿನ ಕಾಗದ ಇಲ್ದೋರು ಅದಕ್ಕೂ ಅಲೀಬೇಕಾಯ್ತು.