ಭಾವನ ಕಾರಿಗೆ ನನ್ನ ಇನ್ಶೂರೆನ್ಸ್ ಆಗುತ್ತದಾ?

ಪ್ರಶ್ನೆ: ನನ್ನದೊಂದು ಸ್ವಂತ ಕಾರಿದೆ. ಫುಲ್ ಇನ್ಶೂರೆನ್ಸ್ ಮಾಡಿಸಿದ್ದೇನೆ. ಭಾವ ದುಬೈಯಲ್ಲಿದ್ದಾರೆ, ಅವರ ದೊಡ್ಡ ಕಾರು ಕಾಪುವಿನ ಮನೆಯಲ್ಲಿ ಸುಮ್ನೆ ನಿಂತಿರುತ್ತದೆ. ಅಕ್ಕನನ್ನು ಮಣಿಪಾಲದ ಆಸ್ಪತ್ರೆಗೋ ಮದುವೆಗೋ ಕರೆದುಕೊಂಡು ಹೋಗುವಾಗ ಅದನ್ನೇ ಓಡಿಸುತ್ತೇನೆ. ಏನಾದರೂ ಹೆಚ್ಚುಕಮ್ಮಿ ಆದರೆ ನನ್ನ ಇನ್ಶೂರೆನ್ಸ್ ಸಿಗುತ್ತದಾ?

ಉತ್ತರ: ಸಿಗುವುದಿಲ್ಲ. ಆದರೆ ಗಾಬರಿ ಬೇಡ, ಭಾವನ ಕಾರಿನ ಇನ್ಶೂರೆನ್ಸ್ ಸಿಗುತ್ತದೆ.

ನಮ್ಮಲ್ಲಿ ವಾಹನ ವಿಮೆ ಅಂಟಿಕೊಂಡಿರುವುದು ಗಾಡಿಗೆ, ಮನುಷ್ಯನಿಗಲ್ಲ. ನಿಮ್ಮ ಪಾಲಿಸಿಯಲ್ಲಿ ಬರೆದಿರುವ ನಂಬರ್, ಇಂಜಿನ್ ನಂಬರ್, ಚಾಸಿಸ್ ನಂಬರ್ ಎಲ್ಲಾ ನಿಮ್ಮ ಕಾರಿನದ್ದು. ನೀವು ಆ ಕಾರಿನಿಂದ ಇಳಿದು ಭಾವನ ಕಾರು ಹತ್ತಿದರೆ ಪಾಲಿಸಿ ನಿಮ್ಮ ಹಿಂದೆ ಬರುವುದಿಲ್ಲ, ನಿಮ್ಮ ಕಾರಿನಲ್ಲೇ ಕೂತಿರುತ್ತದೆ. ಇಂಗ್ಲೆಂಡಿನಲ್ಲಿ ಕೆಲವು ಪಾಲಿಸಿಗಳು ಬೇರೆಯವರ ಕಾರು ಓಡಿಸುವಾಗಲೂ ಆಗುತ್ತವೆ, ಅದೂ ಥರ್ಡ್ ಪಾರ್ಟಿಗೆ, ಅಂದರೆ ಎದುರಿನವರಿಗೆ ಆದ ನಷ್ಟಕ್ಕೆ ಮಾತ್ರ. ಅಲ್ಲಿಂದ ರಜೆಗೆ ಬಂದ ಯಾರೋ ಹೇಳಿದ್ದು ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಇಲ್ಲಿನ ನಿಯಮವೇ ಆಗಿಬಿಡುತ್ತದೆ. 2022ರಿಂದ ಇಲ್ಲೂ ಒಂದೇ ಪಾಲಿಸಿಯಲ್ಲಿ ಹಲವು ಗಾಡಿ ಸೇರಿಸುವ ಫ್ಲೋಟರ್ ಬಂದಿದೆ ನಿಜ. ಆದರೆ ಆ ಗಾಡಿಗಳೆಲ್ಲ ಒಬ್ಬರ ಹೆಸರಿನಲ್ಲೇ ಇರಬೇಕು. ಭಾವನದ್ದನ್ನು ಸೇರಿಸಲು ಆಗುವುದಿಲ್ಲ.

ಈಗ ಭಾವನ ಪಾಲಿಸಿ ತೆಗೆದು ‘ಡ್ರೈವರ್ಸ್ ಕ್ಲಾಝ್’ (Driver's Clause) ಅಂತ ಇರುವ ಜಾಗ ನೋಡಿ. ಅಲ್ಲಿರುವುದರ ಸಾರ ಇಷ್ಟೇ: ಮಾಲೀಕರೂ ಸೇರಿ ಯಾರು ಬೇಕಾದರೂ ಓಡಿಸಬಹುದು, ಓಡಿಸುವವರ ಹತ್ತಿರ ಆ ಹೊತ್ತಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಎಲ್ ಬೋರ್ಡ್ ಹಾಕಿ ಕಲಿಯುವವರೂ ಓಡಿಸಬಹುದು, ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿದ್ದರೆ. ಭಾವ ನಿಮ್ಮ ಹೆಸರನ್ನು ಎಲ್ಲೂ ಬರೆಸಬೇಕಾಗಿಲ್ಲ. ಬಾಯಿಮಾತಿನ ಒಪ್ಪಿಗೆ ಸಾಕು. ಆದರೆ ಕಾರಿಗೆ ಪೆಟ್ಟಾದರೆ ಕ್ಲೇಮ್ ಹಾಕಬೇಕಾದವರು ಭಾವ, ನೀವಲ್ಲ. ಸಹಿ ಅವರದ್ದು, ಹಣ ಬರುವುದಾದರೂ ಅವರ ಖಾತೆಗೆ. ನಷ್ಟವೂ ಅವರಿಗೇ, ಅದು ಹೇಗೆ ಅಂತ ನನ್ನದೇ ಕಥೆ ಹೇಳುತ್ತೇನೆ.

ಒಂದು ಜುಲೈ ತಿಂಗಳು, ಬಜಪೆ ಏರ್‌ಪೋರ್ಟಿನಿಂದ ನೆಂಟರನ್ನು ಕರೆತರಲು ಚಿಕ್ಕಪ್ಪನ ಕಾರು ಕೇಳಿ ಪಡೆದಿದ್ದೆ. ಹೋಗಿ ಬಂದದ್ದೆಲ್ಲ ಸರಿಯಾಯಿತು. ಮನೆಯ ಗೇಟಿನ ಹತ್ತಿರ ಕೆಟ್ಟಿತು. ಜೋರು ಮಳೆ, ವೈಪರ್ ಎಷ್ಟು ಬಡಿದರೂ ಸಾಲದು, ಕೆಂಪುಕಲ್ಲಿನ ಕಂಬ ಕಾಣಲೇ ಇಲ್ಲ. ‘ಕರಕ್’ ಅಂತ ಒಂದು ಶಬ್ದ. ಇಳಿದು ನೋಡಿದರೆ ಬಲಬದಿಯ ಬಂಪರ್ ಸೀಳಿದೆ, ಹೆಡ್‌ಲೈಟ್ ಒಡೆದಿದೆ, ಬಿಳಿ ಬಣ್ಣದ ಮೇಲೆ ಕಲ್ಲಿನ ಕೆಂಪು ಗೀರು. ಗ್ಯಾರೇಜಿನವನು 13,000 ರೂಪಾಯಿ ಎಂದ. ‘ಫುಲ್ ಇನ್ಶೂರೆನ್ಸ್ ಉಂಟಲ್ಲ ಸರ್, ಕ್ಲೇಮ್ ಹಾಕುವ’ ಅಂತಲೂ ಹೇಳಿದ. ನನಗೂ ಅದೇ ಬೇಕಿತ್ತು.

ಚಿಕ್ಕಪ್ಪ ಬ್ಯಾಂಕಿನಿಂದ ರಿಟೈರ್ ಆದವರು. ‘ನಿಲ್ಲು ಮಾರಾಯ, ಬೋನಸ್ ಎಷ್ಟುಂಟು ನೋಡುವ’ ಅಂತ ಎಸ್ಟಿಮೇಟಿನ ಹಿಂಬದಿಯಲ್ಲೇ ಲೆಕ್ಕ ಶುರು ಮಾಡಿದರು. ಐದು ವರ್ಷ ಕ್ಲೇಮ್ ಹಾಕದೆ ಇದ್ದುದರಿಂದ ಅವರಿಗೆ 50% ನೋ ಕ್ಲೇಮ್ ಬೋನಸ್ ಇತ್ತು. ಕಾರಿನ ಸ್ವಂತ ಡ್ಯಾಮೇಜಿನ ಪ್ರೀಮಿಯಂ ಸುಮಾರು 12,000, ಬೋನಸ್ ಕಳೆದು ಅವರು ಕಟ್ಟುತ್ತಿದ್ದದ್ದು 6,000. ಒಂದು ಕ್ಲೇಮ್ ಹಾಕಿದರೆ ಬೋನಸ್ ಸೊನ್ನೆಗೆ ಇಳಿಯುತ್ತದೆ. ಮುಂದಿನ ವರ್ಷ ಪೂರ್ತಿ 12,000. ಆಮೇಲೆ 20%, 25%, 35%, 45% ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿ ಮತ್ತೆ 50ಕ್ಕೆ ಬರಬೇಕು. ಅಷ್ಟರಲ್ಲಿ ಜಾಸ್ತಿ ಕಟ್ಟುವುದು 6,000, 3,600, 3,000, 1,800, 600. ಒಟ್ಟು 15,000. ಪ್ರೀಮಿಯಂ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ, ಆದರೂ ಅಂದಾಜಿಗೆ ಈ ಲೆಕ್ಕ ಸಾಕು.

ಕಂಪನಿ ಕೊಡುವುದಾದರೂ ಎಷ್ಟು? 1500 ಸಿಸಿ ಒಳಗಿನ ಕಾರಿಗೆ ಮೊದಲ 1,000 ರೂಪಾಯಿ ನಮ್ಮ ಕೈಯಿಂದಲೇ ಹೋಗುತ್ತದೆ, ಅದಕ್ಕಿಂತ ದೊಡ್ಡದಕ್ಕೆ 2,000. ಬಂಪರ್ ಪ್ಲಾಸ್ಟಿಕ್ಕಿನದ್ದು. ಜನ ‘ಬಂಪರ್ ಟು ಬಂಪರ್’ ಅನ್ನುವ ಝೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಕೊಡುವ ಆಡ್‌ಆನ್ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಅರ್ಧ ಮಾತ್ರ ಸಿಗುವುದು. ಚಿಕ್ಕಪ್ಪನಿಗೆ ಅದೂ ಇರಲಿಲ್ಲ. ಹಾಗಾಗಿ ಕ್ಲೇಮ್ ಹಾಕಲಿಲ್ಲ. 13,000 ನಾನು ಕೊಟ್ಟೆ. ಅವರು ಎರಡು ಸಲ ಬೇಡ ಎಂದರು, ಮೂರನೇ ಸಲ ಕಿಸೆಗೆ ಹಾಕಿಕೊಂಡರು. ನ್ಯಾಯವೇ ಅಲ್ವಾ? ನಿಮಗೂ ನನ್ನ ಮಾತು ಇಷ್ಟೇ: ಭಾವನ ಕಾರಿಗೆ ಸಣ್ಣ ಪೆಟ್ಟಾದರೆ ಕ್ಲೇಮ್ ಅನ್ನುವ ಮೊದಲು ಅವರ ಬೋನಸ್ ಎಷ್ಟಿದೆ ಕೇಳಿ. ಬೋನಸ್ ಉಳಿಸುವ ಆಡ್‌ಆನ್ ತೆಗೆದುಕೊಂಡಿದ್ದರೆ ಲೆಕ್ಕ ಬೇರೆ.

ದೊಡ್ಡ ಅಪಘಾತದಲ್ಲಿ ವಿಷಯ ಕಾರಿನದ್ದಲ್ಲ, ಎದುರಿನ ಮನುಷ್ಯನದ್ದು. ಹೆದ್ದಾರಿ 66ರಲ್ಲಿ ರಸ್ತೆ ದಾಟುವವರಿಗೆ ತಾಗಿದರೆ ಪರಿಹಾರ ಕೊಡಬೇಕಾದದ್ದು ಭಾವನ ಕಾರಿನ ಥರ್ಡ್ ಪಾರ್ಟಿ ವಿಮೆ. ಜೀವಕ್ಕೆ, ಗಾಯಕ್ಕೆ ಮೊತ್ತದ ಮಿತಿ ಇಲ್ಲ. ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ. ಪಕ್ಕದ ಸೀಟಿನಲ್ಲಿ ನಿಮ್ಮ ಅಕ್ಕ ಕೂತಿದ್ದರೆ? ಭಾವನದ್ದು ಪ್ಯಾಕೇಜ್ ಪಾಲಿಸಿ, ಅಂದರೆ ಫುಲ್ ಇನ್ಶೂರೆನ್ಸ್ ಆಗಿದ್ದರೆ ಒಳಗೆ ಕೂತವರ ಗಾಯಕ್ಕೂ ಅದು ಜವಾಬ್ದಾರಿ. ಬರೀ ಥರ್ಡ್ ಪಾರ್ಟಿ ಆಗಿದ್ದರೆ ಒಳಗಿದ್ದವರಿಗೆ ಸಿಗುವುದಿಲ್ಲ, ಕಾರಿನ ರಿಪೇರಿಯೂ ಇಲ್ಲ.

ಇಲ್ಲಿ ಒಂದು ಹೊಂಡ ಉಂಟು, ತುಂಬಾ ಜನ ಬೀಳುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಸ್ವಂತ ಡ್ಯಾಮೇಜಿನ ಭಾಗ ಮಾತ್ರ ಹೆಚ್ಚಾಗಿ ಒಂದೇ ವರ್ಷದ್ದು. ಫೋನಿನ ಆ್ಯಪಿನಲ್ಲಿ ವಿಮೆ ಇನ್ನೂ ಒಂದೂವರೆ ವರ್ಷ ಉಂಟು ಅಂತ ತೋರಿಸುತ್ತದೆ, ಪೊಲೀಸರೂ ಬಿಡುತ್ತಾರೆ. ಆದರೆ ಡ್ಯಾಮೇಜಿನ ಭಾಗ ಮುಗಿದು ಆರು ತಿಂಗಳಾಗಿರುತ್ತದೆ. ಕಾರು ಮನೆಯಲ್ಲಿ, ಮಾಲೀಕರು ದುಬೈಯಲ್ಲಿ ಅಂದರೆ ರಿನ್ಯೂವಲ್ ಮೆಸೇಜು ಇಲ್ಲಿ ಬಂದ್ ಆದ ಹಳೇ ಸಿಮ್ಮಿಗೆ ಬರುತ್ತಿರುತ್ತದೆ. ಪಾಲಿಸಿ ಹಾಳೆಯಲ್ಲಿ ಎರಡು ತಾರೀಕು ಇರುತ್ತದೆ. ಎರಡನ್ನೂ ಓದಿ. ಮುಗಿದು 90 ದಿನ ದಾಟಿದರೆ ಭಾವನ ಬೋನಸ್ಸೂ ಹೋಗುತ್ತದೆ.

ಲೈಸೆನ್ಸಿನ ಕಥೆಯೂ ಊರಿಗೆ ತಕ್ಕ ಹಾಗೆಯೇ. ಗಲ್ಫಿನಿಂದ ರಜೆಗೆ ಬಂದವರು ಏರ್‌ಪೋರ್ಟಿನಿಂದಲೇ ತಮ್ಮನ ಕೈಯಿಂದ ಕೀ ತೆಗೆದುಕೊಳ್ಳುತ್ತಾರೆ. ಅಲ್ಲಿ ಹತ್ತು ವರ್ಷ ಓಡಿಸಿದ ಕೈ, ಧೈರ್ಯಕ್ಕೇನು ಕಮ್ಮಿ? ಆದರೆ ಅಲ್ಲಿನ ಲೈಸೆನ್ಸ್ ಜೇಬಿನಲ್ಲಿದ್ದರೆ ಸಾಲದು. ಇಲ್ಲಿನದ್ದು ಚಾಲ್ತಿಯಲ್ಲಿರಬೇಕು. ಮೊದಲು ಅವಧಿ ಮುಗಿದ ಮೇಲೂ 30 ದಿನ ರಿಯಾಯಿತಿ ಇತ್ತು. 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಲೈಸೆನ್ಸ್ ಸರಿ ಇಲ್ಲದಿದ್ದರೆ ಕಾರಿನ ರಿಪೇರಿ ಹಣ ಕೈತಪ್ಪಿದ ಹಾಗೆಯೇ. ಗಾಯಗೊಂಡವರಿಗೆ ಕಂಪನಿ ಮೊದಲು ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡುವಂತೆ ಕೋರ್ಟು ಹೇಳಬಹುದು. 2004ರಲ್ಲಿ ಸುಪ್ರೀಂ ಕೋರ್ಟ್ ಈ ದಾರಿಯನ್ನು ಸ್ಪಷ್ಟಪಡಿಸಿತು. ಮಾಲೀಕರು ಸರಿಯಾಗಿ ವಿಚಾರಿಸದೆ ಕೀ ಕೊಟ್ಟರು ಅಂತ ಕಂಪನಿಯೇ ತೋರಿಸಬೇಕು ಎಂದೂ ಹೇಳಿತು. ಅದಕ್ಕೇ ಕಾರು ಕೊಡುವವರು ಲೈಸೆನ್ಸಿನ ಫೋಟೋ ಒಂದು ಕೇಳಿ ಇಟ್ಟುಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಮೆಹೆಂದಿ ಪಾರ್ಟಿಯಿಂದ ರಾತ್ರಿ ‘ಐಸ್ ತರುತ್ತೇನೆ’ ಅಂತ ಯಾರದೋ ಕೀ ಹಿಡಿದು ಹೊರಡುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಡಿದು ಓಡಿಸಿದರೆ ಕಾರಿನ ಡ್ಯಾಮೇಜಿಗೆ ಏನೂ ಸಿಗುವುದಿಲ್ಲ. ಪಿಯುಸಿ ಹುಡುಗನ ಕೈಗೆ ಕೀ ಕೊಟ್ಟರೆ ಅದು ವಿಮೆಯ ವಿಷಯವೇ ಅಲ್ಲ, ಮಾಲೀಕರಿಗೆ ಅಥವಾ ಹೆತ್ತವರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು. ಇನ್ನು, ಮನೆ ಕಾರನ್ನು ದಿನಕ್ಕೆ ಇಷ್ಟು ಅಂತ ಬಾಡಿಗೆಗೆ ಕೊಡುವ ವ್ಯವಹಾರ ನಮ್ಮಲ್ಲಿ ಜೋರಾಗಿದೆ. ಬಿಳಿ ಬೋರ್ಡಿನ ಕಾರಿನ ಪಾಲಿಸಿ ಬಾಡಿಗೆ ಬಳಕೆಯನ್ನು ಒಪ್ಪುವುದಿಲ್ಲ. ಪೆಟ್ರೋಲ್ ಹಾಕಿಸಿ ಕೊಡುವುದು ಬೇರೆ, ಬಾಡಿಗೆ ಕೊಡುವುದು ಬೇರೆ.

ಇಷ್ಟೆಲ್ಲ ಆದ ಮೇಲೂ ಒಬ್ಬರು ಹೊರಗೆ ಉಳಿದರು. ಅದು ನೀವು.

ನಿಮ್ಮ ಪಾಲಿಸಿಯಲ್ಲಿ ‘ಓನರ್ ಡ್ರೈವರ್’ ಅಂತ 15 ಲಕ್ಷದ ಅಪಘಾತ ವಿಮೆ ಇರುತ್ತದೆ. ನಿಮ್ಮದೇ ಗಾಡಿಯಲ್ಲಿ ಇರುವಾಗ ಮಾತ್ರ ಅದು ನಿಮಗೆ. ಭಾವನ ಪಾಲಿಸಿಯ 15 ಲಕ್ಷ ಭಾವನಿಗೆ. ಎದುರಿನ ಗಾಡಿಯ ತಪ್ಪಿದ್ದರೆ ಅದರ ವಿಮೆಯಿಂದ ಪರಿಹಾರ ಕೇಳಬಹುದು. ಆದರೆ ನೀವಾಗಿಯೇ ಹೋಗಿ ಮರಕ್ಕೆ ಗುದ್ದಿದರೆ? ಕೇಳಿ ಪಡೆದ ಗಾಡಿ ಓಡಿಸುವವನು ಮಾಲೀಕನ ಜಾಗದಲ್ಲಿ ನಿಂತ ಹಾಗೆ, ಅವನು ಥರ್ಡ್ ಪಾರ್ಟಿ ಅಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಅದು ನಮ್ಮ ಕರ್ನಾಟಕದ್ದೇ ಪ್ರಕರಣ, ಇಳಕಲ್ ಕಡೆಯದ್ದು. ಬೇರೆಯವರ ಬೈಕ್, ಮುಂದೆ ಎತ್ತಿನ ಗಾಡಿ. 2020ರಲ್ಲಿ ಬೇರೊಂದು ಪ್ರಕರಣದಲ್ಲೂ ಅದೇ ಮಾತು. ಅಲ್ಲಿ ಮನೆಯವರಿಗೆ ಬೈಕಿನ ಪಾಲಿಸಿಯಲ್ಲಿ ಮಾಲೀಕನಿಗೆಂದು ಇದ್ದ 1 ಲಕ್ಷ ಮಾತ್ರ ಸಿಕ್ಕಿತು.

ಹಾಗಾಗಿ ಆಗಾಗ ಬೇರೆಯವರ ಗಾಡಿ ಓಡಿಸುವವರು ವೈಯಕ್ತಿಕ ಅಪಘಾತ ವಿಮೆ ಅಂತ ಬೇರೆಯೇ ಮಾಡಿಸಬೇಕು. ಅದು ಗಾಡಿಗೆ ಅಲ್ಲ, ನಿಮಗೆ ಅಂಟಿಕೊಳ್ಳುವಂಥದ್ದು. ಬಸ್ಸಿನಲ್ಲಿದ್ದರೂ ಸರಿ, ಭಾವನ ಕಾರಿನಲ್ಲಿದ್ದರೂ ಸರಿ. ಏನೂ ಬೇಡ, ಪ್ರಧಾನ ಮಂತ್ರಿ ಸುರಕ್ಷಾ ಬಿಮಾಗೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವಯಸ್ಸಿನವರಿಗೆ, ಅಪಘಾತದಲ್ಲಿ ಸಾವಾದರೆ 2 ಲಕ್ಷ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ, ಕರ್ಣಾಟಕ ಅಂತ ಸಾಲು ಸಾಲು ಬ್ಯಾಂಕ್ ಹುಟ್ಟಿದ ಊರು ನಮ್ಮದು. ಆದರೂ ಪಾಸ್‌ಬುಕ್ಕಿನಲ್ಲಿ ಆ 20 ರೂಪಾಯಿ ಕಟ್ ಆಗಿದೆಯೋ ಇಲ್ಲವೋ ಅಂತ ನೋಡುವವರು ಕಮ್ಮಿ. ಅದರಲ್ಲಿ ನಾಮಿನಿ ಯಾರು ಅಂತ ಮನೆಯಲ್ಲಿ ಗೊತ್ತಿರುವುದು ಇನ್ನೂ ಕಮ್ಮಿ.

ಕೊನೆಗೆ, ನೀವು ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಂಥದ್ದೇ ಇನ್ನೊಂದು ಪದೇ ಪದೇ ಬರುತ್ತದೆ. ಅಪ್ಪ ತೀರಿಕೊಂಡಿದ್ದಾರೆ, ಕಾರು ಇನ್ನೂ ಅವರ ಹೆಸರಿನಲ್ಲೇ ಇದೆ, ಮಗ ಓಡಿಸುತ್ತಿದ್ದಾನೆ. ಇಲ್ಲಿ ಒಪ್ಪಿಗೆ ಕೊಡಲು ಮಾಲೀಕರೇ ಇಲ್ಲ. ಅಪ್ಪ ಹೋದ ದಿನದಿಂದ ಮೂರು ತಿಂಗಳು, ಅಥವಾ ಪಾಲಿಸಿ ಮುಗಿಯುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಪಾಲಿಸಿ ನಡೆಯುತ್ತದೆ. ಅಷ್ಟರೊಳಗೆ ಮರಣ ಪತ್ರ, ಆರ್‌ಸಿ, ಪಾಲಿಸಿ ಹಿಡಿದು ವಿಮಾ ಕಂಪನಿಗೂ ಆರ್‌ಟಿಒ ಕಚೇರಿಗೂ ಹೋಗಿ ಹೆಸರು ಬದಲಿಸಿಕೊಳ್ಳಿ. ಹೆಸರು ಯಾರದ್ದು ಅಂತ ಅಣ್ಣತಮ್ಮಂದಿರ ಮಾತು ಮುಗಿಯದಿದ್ದರೆ, ಮುಗಿಯುವವರೆಗೆ ಕಾರಿಗೆ ಟಾರ್ಪಾಲ್ ಹೊದೆಸಿಡಿ.