ಇನ್ನೂರು ಕೋಟಿ ಮೀರಿದ ಸಂಖ್ಯೆ ಅವಿಭಾಜ್ಯವೆಂದು ಕೈಲೆಕ್ಕದಲ್ಲಿ ತಿಳಿದದ್ದು ಹೇಗೆ?

ಪ್ರಶ್ನೆ: 2,14,74,83,647 ಅವಿಭಾಜ್ಯ ಸಂಖ್ಯೆ ಎಂದು ಕಂಪ್ಯೂಟರ್ ಇಲ್ಲದ ಕಾಲದಲ್ಲಿಯೇ ಖಚಿತಪಡಿಸಿಕೊಂಡಿದ್ದರಂತೆ. ಅಷ್ಟೊಂದು ಸಂಖ್ಯೆಗಳಿಂದ ಭಾಗಿಸಿ ನೋಡುವುದು ಹೇಗೆ ಸಾಧ್ಯವಾಯಿತು?
– ಓದುಗರೊಬ್ಬರು, ಮಾಟುಂಗಾ, ಮುಂಬೈ

ಉತ್ತರ: ನಾನು ಭಾನುವಾರಗಳಂದು ಪಾಠ ಹೇಳುವ ಮಕ್ಕಳೂ ಈ ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ. ಈ ಸಂಖ್ಯೆ 2ರ 31ನೇ ಘಾತಕ್ಕಿಂತ ಒಂದು ಕಡಿಮೆ. ಇದು ಅವಿಭಾಜ್ಯವೆಂದು 1772ರಲ್ಲಿ ತೋರಿಸಿಕೊಟ್ಟವರು ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಆ ವೇಳೆಗೆ ಅವರ ಎರಡೂ ಕಣ್ಣುಗಳ ದೃಷ್ಟಿ ಬಹುಪಾಲು ಹೋಗಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಯಾವುದೇ ಸಂಖ್ಯೆಗೆ ಭಾಜಕವಿದ್ದರೆ ಒಂದಾದರೂ ಅದರ ವರ್ಗಮೂಲದೊಳಗೆ ಸಿಗಲೇಬೇಕು. ಇಲ್ಲಿ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅದರೊಳಗಿನ ಅವಿಭಾಜ್ಯಗಳು ಸುಮಾರು 4,800. ಇಷ್ಟು ಭಾಗಾಕಾರವೂ ಕೈಲೆಕ್ಕಕ್ಕೆ ಭಾರವೇ. ಆದ್ದರಿಂದ ಭಾಜಕವನ್ನು ಹುಡುಕುವ ಮೊದಲು, ಅದು ಇರುವುದಾದರೆ ಯಾವ ರೂಪದಲ್ಲಿರಬೇಕು ಎಂದು ಕೇಳಿಕೊಳ್ಳಬೇಕು.

p ಎಂಬ ಅವಿಭಾಜ್ಯ ಈ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳೋಣ. ಆಗ 2ರ 31ನೇ ಘಾತವನ್ನು pಯಿಂದ ಭಾಗಿಸಿದಾಗ ಶೇಷ 1. ಫರ್ಮಾ ಪ್ರಮೇಯದಂತೆ 2ರ (p − 1)ನೇ ಘಾತಕ್ಕೂ ಶೇಷ 1. ಸ್ವತಃ 31 ಅವಿಭಾಜ್ಯವಾದ್ದರಿಂದ p − 1 ಎಂಬುದು 31ರ ಗುಣಕವಾಗದೆ ವಿಧಿಯಿಲ್ಲ. p ಬೆಸವಾದ್ದರಿಂದ p − 1 ಸಮಸಂಖ್ಯೆ, ಹಾಗಾಗಿ ಅದು 62ರ ಗುಣಕವೂ ಹೌದು. ಇನ್ನೊಂದು ನಿರ್ಬಂಧವಿದೆ: 2ರ 32ನೇ ಘಾತ ಒಂದು ಪೂರ್ಣವರ್ಗ, ಅದರ ಶೇಷ 2. ವರ್ಗಸಂಖ್ಯೆಯೊಂದು 2ನ್ನು ಶೇಷವಾಗಿ ಉಳಿಸಬೇಕಾದರೆ pಯನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡನ್ನೂ ಕೂಡಿಸಿದರೆ, pಯನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಮಾತ್ರ.

ವರ್ಗಮೂಲದೊಳಗೆ ಅಂಥ ಸಂಖ್ಯೆಗಳು, 1ನ್ನು ಬಿಟ್ಟು, 373. ಅವುಗಳಲ್ಲಿಯೂ ಹೆಚ್ಚಿನವು ಅವಿಭಾಜ್ಯಗಳಲ್ಲ. ಡೊಂಬಿವಲಿಯಿಂದ ಬರುವ ಹುಡುಗಿಯೊಬ್ಬಳು ಸ್ಲೋ ಲೋಕಲ್‌ನಲ್ಲಿ ಕುಳಿತು ಚೌಕುಳಿ ಪುಸ್ತಕದಲ್ಲಿ ಈ ಪಟ್ಟಿಯನ್ನು ಬರೆದು ತಂದಿದ್ದಳು. 63ನ್ನು ಹೊಡೆದುಹಾಕಿದ್ದಳು, 249 ಎಂದರೆ 3 × 83, ಅದನ್ನೂ ಹೊಡೆದುಹಾಕಿದ್ದಳು. ಮೊದಲು ಉಳಿದದ್ದು 311; ಭಾಗಿಸಿದರೆ ಭಾಗಲಬ್ಧ 69,05,092, ಶೇಷ 35. ಆಮೇಲೆ 497, 559, 745 ಹೀಗೆ ಏಳು ಸಂಖ್ಯೆಗಳು ಸಾಲಾಗಿ ಬಿದ್ದುಹೋಗಿ, 1303ರ ಹತ್ತಿರ ಪೆನ್ಸಿಲ್ ಗುರುತು ನಿಂತಿತ್ತು. ಹೀಗೆ ಕೊನೆಯವರೆಗೂ ನಡೆದರೆ ಯಾವುದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ.

ಘಾತಾಂಕ ಅವಿಭಾಜ್ಯವಾದ ಮಾತ್ರಕ್ಕೆ ಇಂಥ ಸಂಖ್ಯೆಯೂ ಅವಿಭಾಜ್ಯವಾಗಬೇಕೆಂದಿಲ್ಲ. 2ರ 11ನೇ ಘಾತದಿಂದ 1 ಕಳೆದರೆ 2047. ಅದು 23 × 89. ಈ ಎರಡೂ ಭಾಜಕಗಳಿಂದ 1 ಕಳೆದರೆ ಸಿಗುವ 22 ಮತ್ತು 88 ಎರಡೂ 22ರ ಗುಣಕಗಳೇ ಎಂಬುದನ್ನು ಗಮನಿಸಿ.

2024ರ ಅಕ್ಟೋಬರ್‌ನಲ್ಲಿ ಪತ್ತೆಯಾದ ಅವಿಭಾಜ್ಯ 2ರ 13,62,79,841ನೇ ಘಾತಕ್ಕಿಂತ ಒಂದು ಕಡಿಮೆ. ಅದರಲ್ಲಿ 4,10,24,320 ಅಂಕಿಗಳಿವೆ. ಅಲ್ಲಿ ಈ ಜರಡಿಯೊಂದೇ ಸಾಲದು, ಲೂಕಾಸ್–ಲೆಮರ್ ಪರೀಕ್ಷೆ ಬೇಕು: 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆಯುತ್ತ, ಪ್ರತಿ ಸಲವೂ ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳುವುದು. ಘಾತಾಂಕಕ್ಕಿಂತ ಎರಡು ಕಡಿಮೆ ಹೆಜ್ಜೆಗಳಲ್ಲಿ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 2ರ 5ನೇ ಘಾತದಿಂದ ಬರುವ 31ಕ್ಕೆ ಮಾಡಿ ನೋಡಿ: 4, 14, 8, 0, ಮೂರೇ ಹೆಜ್ಜೆ. ಆಯ್ಲರರ ಸಂಖ್ಯೆಗೆ 29 ಹೆಜ್ಜೆ ಸಾಕು.