ಯಾರೂ ನಿಷೇಧಿಸದ ‘ಸುನಾಮಿ’

2000ನೇ ಇಸವಿಯಲ್ಲಿ ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಹಾಡಿನ ಹೆಸರು ‘ಸುನಾಮಿ’. ಕಡಲಿನ ಅನಾಹುತದ ಬಗ್ಗೆ ಅಲ್ಲ, ಅದು ಅಪ್ಪಟ ಪ್ರೇಮಗೀತೆ. ಸುಮಾರು 29 ಲಕ್ಷ ಸಿಡಿಗಳು ಖರ್ಚಾದವು. ಆದರೆ 2011ರ ನಂತರ ಅಲ್ಲಿನ ರೇಡಿಯೊ, ಟೀವಿಯಲ್ಲಿ ಅದು ಕಿವಿಗೆ ಬೀಳುವುದೇ ಅಪರೂಪವಾಯಿತು. ಸರ್ಕಾರ ಅದನ್ನು ನಿಷೇಧಿಸಲಿಲ್ಲ, ಕೋರ್ಟು ತಡೆಯಲಿಲ್ಲ, ಕಂಪನಿ ಅಂಗಡಿಯಿಂದ ವಾಪಸ್ ತರಿಸಲಿಲ್ಲ. ಹಾಡು ಸುಮ್ಮನಾಯಿತು, ಅಷ್ಟೇ.

ಬರೆದು ಹಾಡಿದವರು ಕೇಸುಕೆ ಕುವಾತಾ. ಹುಟ್ಟಿದ್ದು 1956ರಲ್ಲಿ, ಟೋಕಿಯೊದಿಂದ ಹೆಚ್ಚು ದೂರವಿಲ್ಲದ ಚಿಗಾಸಾಕಿಯಲ್ಲಿ. ಅದು ಮರಳು ದಂಡೆ, ಸರ್ಫಿಂಗ್ ಹುಡುಗರ ಊರು. ಅವರ ಹಾಡುಗಳಲ್ಲಿ ಕಡಲು, ಬೇಸಿಗೆ, ಮುಗಿದುಹೋದ ಪ್ರೀತಿ ಮತ್ತೆ ಮತ್ತೆ ಬರುತ್ತವೆ. ಆವೊಯಾಮಾ ಗಾಕುಯಿನ್ ವಿಶ್ವವಿದ್ಯಾಲಯದ ಗೆಳೆಯರ ಜೊತೆ ಕಟ್ಟಿದ ಬ್ಯಾಂಡಿಗೆ ‘ಸದರ್ನ್ ಆಲ್ ಸ್ಟಾರ್ಸ್’ ಎಂದು ಹೆಸರಿಟ್ಟರು. ಕೀಬೋರ್ಡ್ ನುಡಿಸುತ್ತಿದ್ದ ಯೂಕೊ ಹಾರಾ ಮುಂದೆ ಅವರ ಹೆಂಡತಿಯಾದರು.

1978ರ ಜೂನ್‌ನಲ್ಲಿ ಮೊದಲ ಹಾಡು ಬಂತು. ‘ಕತ್ತೆ ನಿ ಸಿಂದಬಾದ್’ (ನಮ್ಮ ಕತ್ತೆ ಅಲ್ಲ ಬಿಡಿ). ಚಡ್ಡಿ ಬನಿಯನ್ ಹಾಕಿಕೊಂಡು ಟೀವಿಗೆ ಬಂದು, ಒಂದು ಪದವೂ ತಿಳಿಯದಷ್ಟು ವೇಗವಾಗಿ ಅರಚಿದ ಹುಡುಗರನ್ನು ನೋಡಿ ಜನ ಇದೇನೋ ಹಾಸ್ಯ ತಂಡ ಅಂದುಕೊಂಡರು. ಜಪಾನಿ ಮಾತನ್ನು ಇಂಗ್ಲಿಷಿನ ಹಾಗೆ ನಾಲಿಗೆ ಹೊರಳಿಸಿ ಹಾಡುವುದು ಕುವಾತಾ ಅವರ ಚಾಳಿ. ಆಗ ಅದೂ ತಮಾಷೆಯಾಗಿಯೇ ಕಂಡಿತು.

ಈ ಹಣೆಪಟ್ಟಿ ಕಿತ್ತುಹಾಕಿದ್ದು 1979ರ ಮಾರ್ಚ್‌ನಲ್ಲಿ ಬಂದ ಮೂರನೇ ಹಾಡು, ‘ಇತೋಶಿ ನೋ ಎಲೀ’. ಅದು ನಿಧಾನದ ಬ್ಯಾಲಡ್. ಗಂಟಲು ಮಾತ್ರ ಅದೇ ಒರಟು ಗಂಟಲು. ನಗಿಸುತ್ತಾನೆ ಅಂದುಕೊಂಡಿದ್ದ ಹುಡುಗ ಹೀಗೆ ಬೇಡಿಕೊಳ್ಳುವುದನ್ನು ಕೇಳಿ ಜನ ಬೆರಗಾದರು. 1983ರಲ್ಲಿ ಅದು ಒಂದು ಜನಪ್ರಿಯ ಟೀವಿ ಧಾರಾವಾಹಿಯ ಹಾಡಾಯಿತು. 1989ರಲ್ಲಿ ಸಾಕ್ಷಾತ್ ರೇ ಚಾರ್ಲ್ಸ್ ಅದನ್ನು ಇಂಗ್ಲಿಷಿನಲ್ಲಿ ಹಾಡಿದರು, ಸನ್‌ಟೋರಿ ವಿಸ್ಕಿಯ ಜಾಹೀರಾತಿಗಾಗಿ. ಕುವಾತಾ ಚಿಕ್ಕಂದಿನಿಂದ ಅಮೆರಿಕದ ಸಂಗೀತ ಕೇಳಿಕೊಂಡು ಬೆಳೆದವರು. ಆ ಸಂಗೀತದ ದೊಡ್ಡ ದನಿಯೊಂದು ತನ್ನ ಹಾಡನ್ನೇ ಹಾಡಿದರೆ ಹೇಗಿರಬೇಡ! 1990ರ ‘ಮನತ್ಸು ನೋ ಕಜಿತ್ಸು’ ಹಾಂಗ್‌ಕಾಂಗ್‌ಗೂ ಹೋಯಿತು. ಅಲ್ಲಿ ಗಾಯಕ ಜಾಕಿ ಚೆಯುಂಗ್ ಅದನ್ನು ಕ್ಯಾಂಟನೀಸ್‌ನಲ್ಲಿ ಹಾಡಿ ಹಿಟ್ ಮಾಡಿದರು.

‘ಸುನಾಮಿ’ ಬಂದಿದ್ದು 2000ದ ಜನವರಿ 26ರಂದು. ಪರಿಚಯವೇ ಇಲ್ಲದ ಹುಡುಗ ಹುಡುಗಿ ಮೊದಲೇ ಬರೆದಿಟ್ಟ ಡೈರಿಯಂತೆ ನಡೆದುಕೊಳ್ಳಬೇಕಾದ ಟೀವಿ ಕಾರ್ಯಕ್ರಮವೊಂದಕ್ಕೆ ಅದು ಹಿನ್ನೆಲೆ ಹಾಡು. ಎದುರಿಗೆ ಕೂತರೆ ಮಾತು ಹೊರಡದ ಒಬ್ಬ ಪ್ರೇಮಿ, ಅವನ ಮೇಲೆ ದೈತ್ಯ ಅಲೆಯಂತೆ ಬಂದೆರಗುವ ಒಂಟಿತನ. ಇಷ್ಟೇ ವಿಷಯ. ಆ ವರ್ಷದ ಜಪಾನ್ ರೆಕಾರ್ಡ್ ಪ್ರಶಸ್ತಿಯೂ ಅದಕ್ಕೇ ಬಂತು.

ನಮ್ಮಲ್ಲಿ ಹೆಚ್ಚಿನವರು ಸುನಾಮಿ ಅನ್ನುವುದನ್ನು ಕೇಳಿದ್ದೇ 2004ರ ಡಿಸೆಂಬರ್‌ನಲ್ಲಿ. ಜಪಾನಿಗರಿಗೆ ಹಾಗಲ್ಲ. 1896ರಲ್ಲಿ ಸಾನ್‌ರಿಕು ಕರಾವಳಿಯಲ್ಲಿ ಸುಮಾರು 22 ಸಾವಿರ ಜನ ಸತ್ತಿದ್ದರು. 1993ರಲ್ಲಿ ಓಕುಶಿರಿ ದ್ವೀಪದ ಮೇಲೆ ಅಲೆ ಎರಗಿತ್ತು. ಹಾಡು ಬಂದಾಗ ಅದು ಆಗಿ ಬರೀ ಆರೂವರೆ ವರ್ಷ. ಆದರೂ ಹೆಸರಿನ ಬಗ್ಗೆ ದೊಡ್ಡ ತಕರಾರೇನೂ ಏಳಲಿಲ್ಲ. ದೂರದ ದ್ವೀಪದ ಸಾವು ರಾಜಧಾನಿಯ ಸ್ಟುಡಿಯೊಗಳನ್ನು ಅಷ್ಟಾಗಿ ತಟ್ಟುವುದಿಲ್ಲ ಅಂತ ನನ್ನ ಅನಿಸಿಕೆ.

2011ರ ಮಾರ್ಚ್ 11 ಬೇರೆಯೇ ಆಯಿತು. ಸುನಾಮಿಗೆ ಊರುಗಳು ಕೊಚ್ಚಿಹೋಗುವುದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ಸುಮಾರು 16 ಸಾವಿರ ಜನ ಸತ್ತರು, ಎರಡೂವರೆ ಸಾವಿರ ಮಂದಿ ಸಿಗಲೇ ಇಲ್ಲ. ವಾಹಿನಿಗಳು ಮಾಮೂಲಿ ಜಾಹೀರಾತು ತೆಗೆದು ಸಾರ್ವಜನಿಕ ಸಂದೇಶ ಹಾಕಿದವು. ಹಾಡು ಪ್ರಸಾರದಿಂದ ಮರೆಯಾಗಿದ್ದು ಆಗಲೇ.

ಇಂಥ ಹೊತ್ತಿನಲ್ಲಿ ತಾವಾಗಿಯೇ ಹಿಂದೆ ಸರಿಯುವುದು ಜಪಾನಿನಲ್ಲಿ ಹಳೆಯ ರೂಢಿ. ‘ಜಿಶುಕು’ ಅನ್ನುತ್ತಾರೆ. 1988ರಲ್ಲಿ ಚಕ್ರವರ್ತಿ ಹಿರೋಹಿತೊ ಹಾಸಿಗೆ ಹಿಡಿದಾಗ ಊರ ಹಬ್ಬಗಳು ನಿಂತವು. ಒಂದು ಕಾರಿನ ಜಾಹೀರಾತಿನಲ್ಲಿ ಗಾಯಕನೊಬ್ಬ “ಎಲ್ಲರೂ ಚೆನ್ನಾಗಿದ್ದೀರಾ?” ಅಂತ ಕೇಳುತ್ತಿದ್ದ. ಆ ಮಾತಿನ ಸದ್ದನ್ನೇ ತೆಗೆದರು. ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ತೊಡಕು ಇರುವುದೇ ಇಲ್ಲಿ. ನಿಷೇಧ ಆಗಿದ್ದರೆ ಯಾರಾದರೂ ತೆರವು ಮಾಡಬಹುದಿತ್ತು. ಎಲ್ಲರೂ ತಾವಾಗಿ ಬಿಟ್ಟ ಹಾಡನ್ನು ಮೊದಲು ಹಾಕುವವರು ಯಾರು?

ಕುವಾತಾ ಸ್ವತಃ ಆಗಷ್ಟೇ ಸಾವಿನ ಹತ್ತಿರ ಹೋಗಿ ಬಂದಿದ್ದರು. 2010ರ ಆಗಸ್ಟ್‌ನಲ್ಲಿ ಅನ್ನನಾಳದ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ದುರಂತದ ಆರು ತಿಂಗಳ ನಂತರ ಅವರು ಸುನಾಮಿ ಬಡಿದ ಮಿಯಾಗಿ ಪ್ರಾಂತದ ರಿಫುವಿನಲ್ಲಿ ಎರಡು ದಿನ ಹಾಡಿದರು. ಆ ಸಭಾಂಗಣವನ್ನು ಮಾರ್ಚ್‌ನಲ್ಲಿ ಶವಾಗಾರವಾಗಿ ಬಳಸಿದ್ದರು. ಆ ಕಾರ್ಯಕ್ರಮಕ್ಕೆ ಇಟ್ಟ ಹೆಸರು, ಅದೇ ವರ್ಷ ಬರೆದ, ‘ನಾಳೆಯೆಡೆಗೆ ಹೆಜ್ಜೆ’ ಎಂಬ ಅರ್ಥದ ಹಾಡಿನದು. 2016ರ ಮಾರ್ಚ್‌ನಲ್ಲಿ ಓನಗಾವಾಗೂ ಹೋದರು. ಸುಮಾರು ಹತ್ತು ಸಾವಿರ ಜನರ ಆ ಊರು 800ಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತ್ತು. ದುರಂತದ ನಂತರ ಅಲ್ಲಿ ಶುರುವಾಗಿದ್ದ ಪುಟ್ಟ ರೇಡಿಯೊ ಕೇಂದ್ರ ಬಾಗಿಲು ಹಾಕುವ ಕೆಲವೇ ದಿನ ಮುಂಚೆ ಅಲ್ಲಿ ಹಾಡಿ ಬಂದರು.

2018ರ ಡಿಸೆಂಬರ್ 31ರ ರಾತ್ರಿ, ಹೇಸೇ ಯುಗದ (ಹಿರೋಹಿತೊ ನಂತರದ ಚಕ್ರವರ್ತಿಯ ಆಳ್ವಿಕೆಯ ಕಾಲ) ಕೊನೆಯ ವರ್ಷಾಂತ್ಯದ ಸಂಗೀತ ಕಾರ್ಯಕ್ರಮವನ್ನು ಮುಗಿಸಿಕೊಟ್ಟಿದ್ದು ಸದರ್ನ್ ಆಲ್ ಸ್ಟಾರ್ಸ್. ಹಾಡಿದ್ದು ‘ಕಿಬೋ ನೋ ವದಾಚಿ’, ಆಮೇಲೆ ನಲವತ್ತು ವರ್ಷದ ಹಿಂದಿನ ಆ ಸಿಂದಬಾದ್. ಅತಿ ಹೆಚ್ಚು ಮಾರಾಟವಾದ ತಮ್ಮದೇ ಹಾಡನ್ನು ಅವರು ಮುಟ್ಟಲಿಲ್ಲ.

ಮರುವರ್ಷ ಬ್ಯಾಂಡಿನ ಹಾಡುಗಳೆಲ್ಲ ಸ್ಟ್ರೀಮಿಂಗ್‌ಗೆ ಬಂದವು, ‘ಸುನಾಮಿ’ ಕೂಡ. ಬೇಕಾದವರು ಹುಡುಕಿ ಕೇಳಬಹುದು, ಬೇಡದವರ ಕಿವಿಗೆ ಅದು ಬೀಳುವುದಿಲ್ಲ. ರೇಡಿಯೊದಲ್ಲಿ ಹಾಗಾಗುವುದಿಲ್ಲ ಅಲ್ವಾ? ಅಲ್ಲಿ ಹಾಡು ನಮ್ಮ ಅಪ್ಪಣೆ ಕೇಳದೆಯೇ ಬರುತ್ತದೆ. ಮನೆಯವರನ್ನು ಕಳೆದುಕೊಂಡವರು ಕೇಳುತ್ತಿದ್ದಾರೋ, ಇದೇ ಹಾಡಿನಲ್ಲಿ ಪ್ರೀತಿ ಶುರು ಮಾಡಿದವರು ಕೇಳುತ್ತಿದ್ದಾರೋ, ನಿರೂಪಕರಿಗೆ ತಿಳಿಯುವ ದಾರಿ ಇಲ್ಲ. ಕೆಲವೊಮ್ಮೆ ಆ ಇಬ್ಬರೂ ಒಬ್ಬರೇ ಆಗಿರುತ್ತಾರೆ.